ತಾಯಿಯನ್ನು ಬಲಿ ಕೊಟ್ಟವನು

“ಹಣಿ ಮ್ಯಾಲಿನ ಭಂಡಾರ ಒರಸಿ ಒಳಗ ಕರ್ಕೊಂಡ ಬಾ. ಇಲ್ಲಾಂದ್ರ ಹೊರಗ ಇರ್ಲಿ!”

ಬಾಳೇಶ ಹೊಸ್ತಿಲಿಗೆ ಅಡ್ಡ ನಿಂತಿದ್ದ. ಟಂಟಂ ಗಾಡಿಯಿಂದ ಇಳಿಸಿದ, ಹಣೆಗೆ ದೇವರ ಅರಿಸಿನ ಹಚ್ಚಿದ್ದ ಅತ್ತೆಯನ್ನು ಹೆಗಲಿಗೆ ಆನಿಸಿಕೊಂಡು ಸರಿತಾ ಗಂಡನ ಮುಖವನ್ನೇ ನೋಡಿದಳು. ಲಕ್ವಾ ಹೊಡೆದು ಕೆಂಪವ್ವನ ಬಲಭಾಗ ಬಿದ್ದುಹೋಗಿತ್ತು. ಕಿರಿಯ ಮಗ ಮಾಲಿಂಗ ಕುರಿ ಹಿಂಡಿನೊಂದಿಗೆ ದೂರ ಹೋಗಿದ್ದರಿಂದ ಸರಿತಾಳೇ ಹಿಡಕಲ್‌ಗೆ ಹೋಗಿ ಅವಳನ್ನು ಗೋಕಾಕಿಗೆ ಕರೆತಂದಿದ್ದಳು.

ಸರಿತಾ ಹುಟ್ಟಿನಿಂದ ಕ್ರೈಸ್ತಳು. ಅವಳನ್ನು ಪ್ರೀತಿಸಿ ಮದುವೆಯಾದ ಬಾಳೇಶ ಅವಳ ದೇವರನ್ನೂ ಒಪ್ಪಿಕೊಂಡು, ಈಗ ಗೋಕಾಕಿನ ಪ್ರಾರ್ಥನಾ ಸಭೆ ನಡೆಸುವಷ್ಟು ಬೆಳೆದಿದ್ದ. ಮದುವೆಯಾದ ಹೊಸದರಲ್ಲಿ ಇದೇ ಕೆಂಪವ್ವ ಸೊಸೆ ಉಂಡ ತಾಟನ್ನು ಅಂಗಳಕ್ಕೆ ಎಸೆದಿದ್ದಳು. ಸರಿತಾ ಅದನ್ನು ಮರೆತಿರಲಿಲ್ಲ... ಆದರೂ ಬಿದ್ದವಳನ್ನು ಬಿಡಲು ಮನಸ್ಸಾಗಿರಲಿಲ್ಲ.

“ಅವರಿಗೆ ಕೈ ಎತ್ತಾಕ ಬರೂದಿಲ್ರಿ. ಇಂಥಾ ಹೊತ್ತಿನ್ಯಾಗ ಅವರ ದೇವರನ್ನ ಕಸಗೋತೀರಿ?”

“ಮುಂದಿನ ತಿಂಗಳ ಹೊಸ ಬಲಿಪೀಠದ ಪ್ರತಿಷ್ಠೆ ಐತಿ. ಸ್ವಾಮಿಗಾಗಿ ಹಡದ ತಾಯಿನ್ನೂ ಬಿಟ್ಟೇನಿ ಅಂತ ಸಭೆದಾಗ ಸಾಕ್ಷಿ ಹೇಳೇನಿ. ಅದು ನನ್ನ ಬಲಿ!”

“ಬೀದಿಗೆ ಬಿದ್ದಾವ್ರು ಇವರು! ನಿಮ್ಮದೇನ ಹೋತ್ರಿ? ಶಿಲುಬಿ ಮ್ಯಾಲ ಜೀವ ಹೋಗುವಾಗೂ ಸ್ವಾಮಿ ತನ್ನ ತಾಯಿನ್ನ ಶಿಷ್ಯನ ಕೈಗೆ ಒಪ್ಪಿಸಿದ. ತನ್ನ ಮೈ ಕೊಟ್ಟ, ತಾಯಿನ್ನ ಕೊಡಲಿಲ್ಲ!”

“ಆಕಿ ಕೂಡ ಹೋದ್ರ ತಿರುಗಿ ಬರಬ್ಯಾಡ,” ಎಂದು ಬಾಳೇಶ ಬಾಗಿಲು ಹಾಕಿಕೊಂಡ.

ಅದೇ ಗಾಡಿಯಲ್ಲಿ ಅತ್ತೆ ಸೊಸೆ ಹಿಡಕಲ್‌ಗೆ ಮರಳಿದರು. ಸರಿತಾ ಗಂಜಿ ಕುಡಿಸಿದಳು, ಮೈ ತೊಳೆದಳು. ಸ್ನಾನವಾದ ಮೇಲೆ ಕೆಂಪವ್ವನ ಕಣ್ಣು ಭಂಡಾರದ ಚೀಲದತ್ತ ಹೊರಳುತ್ತಿತ್ತು. ಮೊದಲ ದಿನ ಸರಿತಾ ಚೀಲ ಮುಟ್ಟಿ ಕೈ ಹಿಂದೆಗೆದಳು. ಆಮೇಲೆ ಮನಸ್ಸಿನಲ್ಲಿ ತನ್ನ ಸ್ವಾಮಿಯನ್ನು ನೆನೆದು, ಮುದುಕಿಯ ಹಣೆಗೆ ತಾನೇ ಭಂಡಾರ ಹಚ್ಚಿದಳು. ಕೆಂಪವ್ವ ಬಿಕ್ಕಿ ಬಿಕ್ಕಿ ಅತ್ತಳು.

“ನಿನ್ನ ತಾಟ ಒಗದಿದ್ನೆಲ್ಲವ್ವಾ... ನನ್ನ ಮಗಳ...”

ಬಲಿಪೀಠದ ಪ್ರತಿಷ್ಠೆಯ ದಿನವೇ ಕೆಂಪವ್ವನಿಗೆ ಮೇಲುಸಿರು ಹತ್ತಿತು. ಸರಿತಾ ಗಂಡನಿಗೆ ಫೋನ್ ಮಾಡಿದಳು.

“ಜನ ಕೂಡ್ಯಾರ. ಮುಗದ ಮ್ಯಾಲ ಬರ್ತೇನಿ,” ಎಂದ ಬಾಳೇಶ.

ಕೆಂಪವ್ವನ ಮಂಜಾದ ಕಣ್ಣು ಬಾಗಿಲಿನಲ್ಲೇ ನೆಟ್ಟಿತ್ತು. “ಬಾಳ್ಯಾ... ಬಂದ್ನೇನ?”

ಸರಿತಾ ತುಟಿ ಕಚ್ಚಿ ಅತ್ತೆಯ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದಳು. “ಬಂದಾರ್ರಿ ಅತ್ತಿ... ನಿಮ್ಮ ಕಾಲ ಹಿಡದ ಕುಂತಾರ...”

ಕೆಂಪವ್ವನ ಮುಖ ಅರಳಿತು. ಹಾಗೆಯೇ ತಣ್ಣಗಾಯಿತು.

ಸಂಜೆ ಬಾಳೇಶ ಬರುವಷ್ಟರಲ್ಲಿ, ಕುರಿ ಹಿಂಡು ಬಿಟ್ಟು ಓಡಿ ಬಂದ ಮಾಲಿಂಗ ತಾಯಿಯನ್ನು ಮಣ್ಣಿಗಿಟ್ಟು ಬಂದಿದ್ದ.

“ಅವ್ವ ನನ್ನ ಕೇಳಿದ್ಲೇನ?” ಎಂದು ಬಾಳೇಶ ಹೆಂಡತಿಯನ್ನು ಕೇಳಿದ.

“ಕೇಳಿದ್ರು. ನೀವ ಬಂದೀರಿ ಅಂತ ಸುಳ್ಳ ಹೇಳಿ ಕಳಿಸೀನಿ. ಸಾಯೂ ಜೀವಕ್ಕ ಸುಳ್ಳ ಹೇಳಿದ ಪಾಪ ನನ್ನ ತಲಿ ಮ್ಯಾಲ ಇರ್ಲಿ.”

ಬಾಳೇಶ ಗೋಡೆಗೆ ತಲೆ ಚಚ್ಚಿಕೊಂಡು ಅತ್ತ. ಕೊನೆಗೆ ಕಣ್ಣೊರೆಸಿಕೊಂಡು, “ಮನಿಗೆ ನಡಿ,” ಎಂದ.

“ಇವತ್ತ ಇಲ್ಲಿ ಏನಾತು ಅಂತ ಸಭೆದಾಗ ಎದ್ದ ನಿಂತ ಹೇಳ್ರಿ. ಆಮ್ಯಾಲ ಬರ್ತೇನಿ.”

ಅವನು ಹೇಳಲಿಲ್ಲ. ತಾಯಿಯನ್ನೇ ದೇವರಿಗೆ ಕೊಟ್ಟವನೆಂದು ಗೋಕಾಕಿನ ಸಭೆ ಇವತ್ತಿಗೂ ಬಾಳೇಶನನ್ನು ಹೊಗಳುತ್ತದೆ. ಸರಿತಾ ಹಿಡಕಲ್‌ನಲ್ಲಿಯೇ ಉಳಿದಿದ್ದಾಳೆ.