ಸೊನ್ನೆಯ ಕಾವಲು

ಹತ್ತೊಂಬತ್ತು ವರ್ಷ ಗುಮಾಸ್ತನಾಗಿ ಲೆಕ್ಕ ಬರೆದದ್ದಕ್ಕೆ ಭಾವ ಅವನಿಗೆ ಕೊಟ್ಟದ್ದು ಒಂದು ಹಾಸಿಗೆ. ಅದೂ ಮಳಿಗೆಯ ಕಿಟಕಿಯಲ್ಲಿ ಎರಡು ವರ್ಷ ಪ್ರದರ್ಶನಕ್ಕಿಟ್ಟದ್ದು. ಬಂದ ಗಿರಾಕಿಗಳೆಲ್ಲ ಬೂಟು ಸಮೇತ ಉರುಳಿ, ಎರಡು ಸಲ ಪುಟಿದು, ಆಮೇಲೆ ಬರುತ್ತೇವೆಂದು ಎದ್ದು ಹೋದದ್ದು. ನಡುವೆ ಒಂದು ತಗ್ಗು. ಎರಡನೇ ಮಳಿಗೆ ತೆರೆದರೆ ಪಾಲು ಕೊಡುತ್ತೇನೆಂದು ಅಕ್ಕನ ಎದುರಿಗೇ ಹೇಳಿದ್ದ ಬಾಯಿ, ತೆರೆದ ದಿನ ಆ ಹಾಸಿಗೆಯನ್ನು ತಟ್ಟಿ ತೋರಿಸಿ, "ನಿಂಗೇ ಅಂತ ಎತ್ತಿಟ್ಟಿದ್ದೆ ಕಣೋ, ಬೆನ್ನಿಗೆ ಒಳ್ಳೇದು" ಎಂದಿತು. ಆ ತಗ್ಗಿನಲ್ಲಿ ಮಲಗಿ ಮಲಗಿಯೇ ಅವನ ಯೋಜನೆ ಮೈತುಂಬಿಕೊಂಡಿತು. ಪಾಲು ಕೊಡದಿದ್ದರೆ ಬೇಡ, ತಾನೇ ತೆಗೆದುಕೊಳ್ಳುವುದು. ಆಮೇಲೆ ಎದುರು ಬೀದಿಯಲ್ಲಿ, ಭಾವನ ಕಣ್ಣಿಗೆ ನೇರವಾಗಿ ಬೀಳುವಂತೆ, ತನ್ನದೇ ಮಳಿಗೆ ತೆರೆಯುವುದು.

ಭಾವನಿಗೆ ಕೂಡುವುದು ಬರುತ್ತಿತ್ತು, ಕಳೆಯುವುದು ಬರುತ್ತಿರಲಿಲ್ಲ. ಧೂಳಿಗೆ ಸೀನು ಬರುತ್ತದೆಂದು ಗೋದಾಮಿಗೆ ಕಾಲಿಡುತ್ತಿರಲಿಲ್ಲ. ಮಳಿಗೆಯ ಗೋಡೆಯ ಮೇಲೆ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಬರೆಸಿ, ಕೆಳಗೆ 'ಉದ್ದನೆಯವರು ಒಳಗೆ ವಿಚಾರಿಸಿ' ಎಂದು ಸೇರಿಸಿದ್ದ. ತನ್ನ ಹಾಸ್ಯಕ್ಕೆ ತಾನೇ ನಗುವ ಜಾತಿ. ಹಾಗಾಗಿ ಗೋದಾಮಿನ ಕೊಳಾಯಿ ಒಡೆದು ಹತ್ತು ಹಾಸಿಗೆ ನೆನೆದಾಗ, ಗುಮಾಸ್ತನ ಪಟ್ಟಿಯಲ್ಲಿ ನೂರೈವತ್ತು ನೆನೆದವು. ಗುಮಾಸ್ತ ಬೆರಳು ತೋರಿಸಿದ ಕಡೆ ಭಾವ ಸಹಿ ಹಾಕಿದ. ನೀರು ಕಾಣದೆಯೇ ನೆನೆದ ನೂರನಲವತ್ತು ಹಾಸಿಗೆಗಳನ್ನು ಊರಾಚೆಯ ವಿದ್ಯಾರ್ಥಿನಿಲಯವೊಂದು ಅರ್ಧ ಬೆಲೆಗೆ ಕೊಳ್ಳಲು ಒಪ್ಪಿತು. ಅಲ್ಲಿನ ವಾರ್ಡನ್ ಒಂದು ಪ್ರಶ್ನೆಯನ್ನೂ ಕೇಳದ ಒಳ್ಳೆಯ ಮನುಷ್ಯ. ಅವನದು ಒಂದೇ ಷರತ್ತು: ದುಡ್ಡು ಬ್ಯಾಂಕಿನ ಮೂಲಕವೇ ಹೋಗಬೇಕು.

ತೊಡಕು ಅಲ್ಲಿತ್ತು. ಮೂರನೇ ಮಳಿಗೆಗೆಂದು ಭಾವ ಸಾಲ ಕೇಳಿದ್ದ. ಸಾಲ ಕೊಡುವವರು ಮೂರು ತಿಂಗಳ ತಪಾಸಣೆಗೆ ಒಬ್ಬ ಲೆಕ್ಕಪರಿಶೋಧಕನನ್ನು ಕಳಿಸುವವರಿದ್ದರು. ಅವನು ಮಾಲೀಕನ ಖಾತೆ ನೋಡುತ್ತಾನೆ, ಮಾಲೀಕನ ಹೆಂಡತಿಯದು ನೋಡುತ್ತಾನೆ, ಗುಮಾಸ್ತನದು, ಗುಮಾಸ್ತನ ಹೆಂಡತಿಯದು, ಒಂದನ್ನೂ ಬಿಡುವುದಿಲ್ಲ. ನಗದು ಮಾಡಿ ಮನೆಯಲ್ಲಿಟ್ಟರೆ ಹೆಂಡತಿಯ ಕಣ್ಣಿಗೆ ಬಿದ್ದು ಸಂಜೆಯೊಳಗೆ ಅಕ್ಕನ ಕಿವಿಗೆ ಬೀಳುತ್ತದೆ. ಹಾಸಿಗೆ ಮಾರಿ ಬರುವ ಆರು ಲಕ್ಷಕ್ಕೆ ಮೂರು ತಿಂಗಳು ಯಾರೂ ಇಣುಕದ ಒಂದು ಮೂಲೆ ಬೇಕಿತ್ತು.

ಆ ಮೂಲೆಯನ್ನು ಭಾವನೇ ತಂದುಕೊಟ್ಟ. ಒಂದು ಶನಿವಾರ ಹದಿನಾರರ ಮಗಳನ್ನು ಮುಂದೆ ನೂಕಿಕೊಂಡು ಕಚೇರಿಗೆ ಬಂದ.

"ಹಾಸಿಗೆ ಮಾರೋನ ಮಗಳು ಕಾಲು ಎಲ್ಲಿವರೆಗೆ ಚಾಚಿದ್ದಾಳೆ ನೋಡು. ಖಾತೇಲಿ ಇದ್ದಿದ್ದು ಒಂಬೈನೂರು. ಶೂ ತಗೊಂಡಿದ್ದು ಎರಡು ಸಾವಿರಕ್ಕೆ. ಸೊನ್ನೆಗಿಂತ ಕೆಳಗೆ ಹೋಗಿದೆ, ಮೇಲೆ ದಂಡ ಬೇರೆ."

"ದುಡ್ಡಿಲ್ಲ ಅಂದ್ರೆ ಇಲ್ಲ ಅನ್ನಬೇಕಪ್ಪಾ ಬ್ಯಾಂಕು," ಎಂದಳು ಹುಡುಗಿ. "ನಂದಲ್ಲದ ದುಡ್ಡು ಕೊಡಿ ಅಂತ ನಾನು ಕೇಳಿದ್ನಾ? ಅವರೇ ಕೊಟ್ಟು, ಅವರೇ ದಂಡ ಹಾಕೋದು. ಮಾಮ, ನೀವೇ ಹೇಳಿ."

"ಮಾಮ ಹೇಳ್ತಾನೆ, ಸರಿಯಾಗೇ ಹೇಳ್ತಾನೆ," ಎಂದ ಭಾವ. "ಇವಳ ಖಾತೆಗೆ ನಿನ್ನ ಹೆಸರೂ ಸೇರಿಸಿಬಿಡ್ತೀನಿ. ಒಂದಷ್ಟು ದಿನ ಹಿಡಿತದಲ್ಲಿಡು. ಲೆಕ್ಕ ಅಂದ್ರೆ ಇವಳ ಅಪ್ಪನಿಗೂ ಅಷ್ಟಕ್ಕಷ್ಟೆ."

ಗುಮಾಸ್ತ ಒಲ್ಲೆನೆಂಬಂತೆ ಒಂದು ನಿಟ್ಟುಸಿರು ಬಿಟ್ಟ. ಒಳಗೆ ಎದೆ ಹಾಡುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವ ಮಾತನ್ನು ಎಲ್ಲರೂ ಕೇಳಿದ್ದಾರೆ. ಆದರೆ ಪರರ ಕೂಸನ್ನೇ ಕದ್ದು ಪರರ ಕಂಕುಳಲ್ಲೇ ಇಡುವ ಜಾಣ್ಮೆ ಎಷ್ಟು ಜನಕ್ಕಿದೆ? ಒಂದು ವೇಳೆ ಬಯಲಾದರೂ ದುಡ್ಡಿರುವುದು ಮಾಲೀಕನ ಮಗಳ ಖಾತೆಯಲ್ಲಿ. ತೆರಿಗೆಗೆ ಹೆದರಿ ಅಪ್ಪನೇ ಬಚ್ಚಿಟ್ಟನೆಂದು ಜಗತ್ತು ಸಲೀಸಾಗಿ ನಂಬುತ್ತದೆ.

ಮೊದಲ ಕೆಲಸ, ಹುಡುಗಿಯ ಕಣ್ಣು ಕಟ್ಟುವುದು. ಕಾರ್ಡು ಅವನ ಕೈಸೇರಿತು. ಫೋನಿನಿಂದ ಬ್ಯಾಂಕಿನ ಆ್ಯಪ್ ಹೋಯಿತು. ಸಂದೇಶಗಳು ಇನ್ನು ಅವನ ನಂಬರಿಗೆ. ಆ್ಯಪ್ ನೋಡಿ ಬಾಕಿ ಹೇಳುವವನು ಗಿಣಿ, ತಲೆಯಲ್ಲಿ ಇಟ್ಟುಕೊಂಡು ಹೇಳುವವನು ಮನುಷ್ಯ ಎಂದು ಅವನು ಗಂಭೀರವಾಗಿ ಬೋಧಿಸಿದ. ವಾರಕ್ಕೊಮ್ಮೆ ಅವಳ ಖರ್ಚಿನ ಹಣವನ್ನು ತಾನೇ ತೆಗೆದು ಕೊಡುತ್ತಿದ್ದ, ಖಾತೆಯಲ್ಲಿ ಉಳಿದದ್ದೆಷ್ಟೆಂದು ಅವಳು ಬಾಯಿಲೆಕ್ಕದಲ್ಲಿ ಒಪ್ಪಿಸಬೇಕಿತ್ತು. ಅವಳಿಗೆ ಸೊನ್ನೆ ಎಂದೇ ಹೆಸರಿಟ್ಟ.

"ಏನಮ್ಮಾ ಸೊನ್ನೆ, ಎಷ್ಟಿದೆ?"

"ಏಳುನೂರ ಅರವತ್ತು. ಬುಧವಾರ ಬಸ್ ಪಾಸಿಗೆ ಹೋದ್ರೆ ಐನೂರ ಹತ್ತು. ಸ್ನೇಹಿತೆ ಹುಟ್ಟುಹಬ್ಬಕ್ಕೆ ಹೋಗಲ್ಲ, ಹೋದ್ರೆ ಉಡುಗೊರೆ ಕೊಡಬೇಕು."

"ಪರವಾಗಿಲ್ಲ. ಇನ್ನು ನೂರು ವರ್ಷಕ್ಕೆ ನೀನು ಗುಮಾಸ್ತೆ ಆಗ್ತೀಯ."

"ಬೇಡಪ್ಪ. ಹಾಸಿಗೆ ಸಿಗುತ್ತೆ ಅಷ್ಟೆ."

ಅವನಿಗೆ ಚುರುಕೆಂದಿತು, ನಗುವಂತೆ ಮಾಡಿದ. ಈ ವಯಸ್ಸಿನವರೆಲ್ಲ ಇಷ್ಟೆ ಎಂದುಕೊಂಡ. ಇವರ ಜೇಬು ತೂತು ಮಡಕೆ. ಅದಕ್ಕೆ ನೀರು ಹೊಯ್ದವರನ್ನೂ ಬೈಯುತ್ತಾರೆ, ಸೋರಿದ್ದಕ್ಕೂ ಬೈಯುತ್ತಾರೆ. ಅವಳು ಬೆರಳು ಮಡಚಿ ಐವತ್ತು ನೂರು ಎಣಿಸುವಾಗ, ಅದೇ ಖಾತೆಯಲ್ಲಿ ಆರು ಲಕ್ಷ ಸದ್ದಿಲ್ಲದೆ ಕಾಲು ಚಾಚಿ ಮಲಗಿತ್ತು. ಅವನು ಕಾವಲು ಕಾದದ್ದು ಒಂದಕ್ಕೇ: ಖಾತೆ ಮತ್ತೊಮ್ಮೆ ಸೊನ್ನೆಯ ಕೆಳಗಿಳಿಯಬಾರದು, ಇಳಿದು ಬ್ಯಾಂಕಿನವರ ಕಣ್ಣು ಆ ಕಡೆ ತಿರುಗಬಾರದು. ಲಕ್ಷಗಳು ಇರುವವರೆಗೆ ಆ ಭಯವಿಲ್ಲ. ತೆಗೆದ ಮೇಲೆ ಅವಳ ಪಾಲಿನ ಪುಡಿಗಾಸು ಇದ್ದಂತೇ ಇರಬೇಕು, ಹೆಚ್ಚಿಲ್ಲ, ಕಮ್ಮಿಯಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಹಳೆಯ ಮಾತು. ಈ ಬೇಲಿ ಮೇಯ್ದ ಮೇಲೆ ಪೈರನ್ನು ಮೊದಲಿದ್ದಂತೆ ನಿಲ್ಲಿಸಿಯೂ ಹೋಗುತ್ತದೆ.

ಪರಿಶೋಧಕ ಬಂದ. ಪೆನ್ಸಿಲಿನ ಹಿಂಬದಿ ಕಚ್ಚುವ, ಹೆಜ್ಜೆ ಸಪ್ಪಳವಾಗದ ಮನುಷ್ಯ. ಸ್ಟೇಪ್ಲರ್ ಪಿನ್ನಿನ ರಸೀದಿಗೆ ಅರ್ಧ ದಿನ ಕೊಟ್ಟ, ನೆನೆದ ನೂರೈವತ್ತಕ್ಕೆ ಅರ್ಧ ಗಳಿಗೆ. ಮಾಲೀಕನ ಸಹಿ ಇದ್ದ ಕಾಗದವನ್ನು ಅವನು ಹೂವಿನಂತೆ ಎತ್ತಿಟ್ಟ. ಕೊನೆಗೆ, "ಮನೇಲಿ ಮಕ್ಕಳ ಖಾತೆ ಏನಾದ್ರೂ ಇದೆಯಾ?" ಎಂದ.

"ಒಂದಿದೆ," ಎಂದು ಭಾವ ನಕ್ಕ. "ಅದನ್ನ ನೋಡೋಕೆ ನಿಮಗೆ ಭೂತಗನ್ನಡಿ ಬೇಕಾಗುತ್ತೆ."

ಮೂವರೂ ನಕ್ಕರು. ಎಲ್ಲರಿಗಿಂತ ಕೊನೆಗೆ ನಗು ನಿಲ್ಲಿಸಿದವನು ಗುಮಾಸ್ತ.

ಪರಿಶೋಧಕ ಒಳ್ಳೆಯ ವರದಿ ಬರೆದು ಹೊರಟ ಮೇಲೂ ಅವನು ಅವಸರಪಡಲಿಲ್ಲ. ಅವಸರ ಕಳ್ಳರ ಲಕ್ಷಣ. ಒಂದು ವಾರ ಬಿಟ್ಟು ಬ್ಯಾಂಕಿಗೆ ಹೋಗಿ, ಜಂಟಿ ಖಾತೆದಾರನಾಗಿ ಸಹಿ ಮಾಡಿ, ಆರು ಲಕ್ಷವನ್ನೂ ಎಣಿಸಿ ತಂದ. ಅದೇ ದಿನ ಎದುರು ಬೀದಿಯ ಖಾಲಿ ಅಂಗಡಿಗೆ ಮುಂಗಡ ಕಟ್ಟಿದ. ಗೆಳೆಯನ ಹೆಸರಲ್ಲಿ, ಸದ್ಯಕ್ಕೆ. ಆ ಶನಿವಾರ ಸೊನ್ನೆಯನ್ನು ಕರೆದ.

"ಎಷ್ಟಿದೆ?"

"ಮುನ್ನೂರ ಹನ್ನೆರಡು."

ಖಾತೆಯಲ್ಲಿ ಇದ್ದದ್ದೂ ಮುನ್ನೂರ ಹನ್ನೆರಡು. ಅವನು ಕಾರ್ಡು ಹಿಂದಿರುಗಿಸಿದ, ಆ್ಯಪ್ ಹಾಕಿಸಿದ, ಸಂದೇಶಗಳನ್ನು ಅವಳ ನಂಬರಿಗೆ ತಿರುಗಿಸಿದ, ಖಾತೆಯಿಂದ ತನ್ನ ಹೆಸರನ್ನೂ ತೆಗೆಸಿದ. ಹುಡುಗಿ ತಲೆತಗ್ಗಿಸಿ, "ಥ್ಯಾಂಕ್ಸ್ ಮಾಮ, ನಿಮ್ಮಿಂದ ಕಲಿತೆ," ಎಂದಳು. ಭಾವ ಅವನ ಬೆನ್ನು ತಟ್ಟಿದ. ಆ ಕೈಯಲ್ಲಿ ಇನ್ನು ಬಹಳ ದಿನ ಇಷ್ಟು ಬಲ ಇರುವುದಿಲ್ಲ ಎಂದುಕೊಂಡು ಅವನು ಬೆನ್ನು ಬಾಗಿಸಿ ಕೊಟ್ಟ.

ಮುಂದಿನ ತಿಂಗಳ ಮೊದಲ ವಾರ, ಅವನು ಹೊಸ ಮಳಿಗೆಯ ಫಲಕಕ್ಕೆ ಅಕ್ಷರದ ಅಳತೆ ಗುರುತು ಹಾಕುತ್ತಿದ್ದಾಗ ಭಾವನ ಫೋನು ಬಂತು. "ಬ್ಯಾಂಕಲ್ಲಿದೀನಪ್ಪಾ, ನಿನ್ನ ಶಿಷ್ಯೆ ಎಳಕೊಂಡು ಬಂದಿದ್ದಾಳೆ. ಖಾತೇಲಿ ಮುನ್ನೂರ ಹನ್ನೆರಡಿರಬೇಕಂತೆ, ನಾಲ್ಕೂವರೆ ಸಾವಿರ ಜಾಸ್ತಿ ಇದೆಯಂತೆ. ಮತ್ತೆ ನಂದಲ್ಲದ ದುಡ್ಡು ಹಾಕಿ ದಂಡ ಕೀಳ್ತೀರಾ, ಮೊದಲು ವಾಪಸ್ ತಗೊಳ್ಳಿ ಅಂತ ಇಲ್ಲಿ ಕೂತಿದ್ದಾಳೆ, ಏಳ್ತಾನೇ ಇಲ್ಲ. ಇವರು ತಪ್ಪಾಗಿಲ್ಲ, ಇದು ಮೂರು ತಿಂಗಳ ಬಡ್ಡಿ ಅಂತಾರೆ." ಗುಮಾಸ್ತನ ಕೈಯ ಅಳತೆಪಟ್ಟಿ ಸರ್ರನೆ ಸುತ್ತಿಕೊಂಡಿತು. ಹತ್ತೊಂಬತ್ತು ವರ್ಷ ಅವನು ನೋಡಿಕೊಂಡದ್ದು ಮಳಿಗೆಯ ಚಾಲ್ತಿ ಖಾತೆ. ಅದಕ್ಕೆ ಬ್ಯಾಂಕು ಎಂದೂ ಬಡ್ಡಿ ಕೊಟ್ಟದ್ದಿಲ್ಲ. ಹುಡುಗಿಯದು ಉಳಿತಾಯ ಖಾತೆ. ದುಡ್ಡು ಹೋದ ಮೇಲೂ ಅದು ಇದ್ದಷ್ಟು ದಿನದ ಬಡ್ಡಿ ತಿಂಗಳ ಕೊನೆಗೆ ತಾನಾಗಿ ಬಂದು ಕೂತಿತ್ತು. ಫೋನಿನೊಳಗೆ, ಭಾವನ ಹಿಂದೆ ಎಲ್ಲೋ, ಒಂದು ಯಂತ್ರ ಗರಗರನೆ ಕಾಗದ ಉಗುಳತೊಡಗಿದ್ದು ಕೇಳಿಸಿತು. "ಖಾತೆಯ ಪೂರ್ತಿ ವಿವರ ತೆಗೀತಿದ್ದಾರೆ, ಈಗ ಕೈಗೆ ಬರುತ್ತೆ," ಎಂದ ಭಾವ. "ಅಷ್ಟರೊಳಗೆ ನೀನೇ ಹೇಳಿಬಿಡು, ಬಾಯಿಲೆಕ್ಕದೋನು. ವರ್ಷಕ್ಕೆ ನೂರಕ್ಕೆ ಮೂರರಂತೆ, ಮೂರು ತಿಂಗಳಿಗೆ ನಾಲ್ಕೂವರೆ ಸಾವಿರ ಬಡ್ಡಿ ಬರಬೇಕಾದ್ರೆ ಎಷ್ಟು ಅಸಲು ಇದ್ದಿರಬೇಕು?"