ಎರಡನೇ ಕಾರ್ಡು

"ಇನ್ಮೇಲೆ ನನ್ನ ಮುಖ ನೋಡೋ ಕಷ್ಟ ನಿಮಗಿಲ್ಲ ಬುಡಿ," ಎನ್ನುತ್ತ ಮಾದೇವ ಸರ್ವರಿನ ಮುಚ್ಚಳಕ್ಕೆ ಕೊನೆಯ ಸ್ಕ್ರೂ ತಿರುಗಿಸಿದ.

ಅವನಿಗೆಂದು ತಂದ ಟೀ ಲೋಟವನ್ನು ಶಿವರಂಜಿನಿ ಕೆಳಗಿಟ್ಟಳು. ತೊಂಬತ್ತೆಂಟರ ಬೇಸಿಗೆ. ಗುಂಡ್ಲುಪೇಟೆಯ ಅರಿಶಿನ ಮಂಡಿಯಲ್ಲಿ ಬಿಲ್ ಹಾಕುವ ಕೆಲಸ ಅವಳದು. ಸರ್ವರಿನ ನೆಟ್‌ವರ್ಕ್ ಕಾರ್ಡ್ ಕೆಟ್ಟಾಗಲೆಲ್ಲ ಕೌಂಟರಿನ ಕಂಪ್ಯೂಟರುಗಳು ನಿಂತುಹೋಗುತ್ತಿದ್ದವು. ಚಾಮರಾಜನಗರದ ಹೆಡ್ ಆಫೀಸಿನಿಂದ ಮಾದೇವ ರಿಪೇರಿಗೆ ಬಸ್ ಹತ್ತಿ ಬರುತ್ತಿದ್ದ. ರೈತರು ಬೈಯುತ್ತಿದ್ದರು. ಅವಳು ಮಾತ್ರ ಜಡೆಯ ಮಲ್ಲಿಗೆ ಸರಿಮಾಡಿಕೊಳ್ಳುತ್ತಿದ್ದಳು.

"ಈಗ ಒಳಗೆ ಎರಡು ಕಾರ್ಡ್ ಅವೆ. ಒಂದು ಸತ್ರೆ ಇನ್ನೊಂದು ಅದರ ಕೆಲಸ ಹಿಡ್ಕೊಳ್ಳುತ್ತೆ. ನಿಮಗೆ ಗೊತ್ತೂ ಆಗಲ್ಲ."

"ಹಂಗಾದ್ರೆ ನೀವು ಬರೋದು?"

"ಟೀ ಖರ್ಚು ಉಳೀತು ಅನ್ನಿ!" ಅವನ ನೋಟ ಅವಳ ಕಣ್ಣಲ್ಲಿ ಒಂದು ಗಳಿಗೆ ಹೆಚ್ಚೇ ನಿಂತಿತು. ಆಮೇಲೆ ಬ್ಯಾಗ್ ಎತ್ತಿಕೊಂಡು ಹೊರಟ.

ತಿಂಗಳಾದರೂ ಬರಲಿಲ್ಲ. ಅಷ್ಟರಲ್ಲಿ ಅವ್ವ ಹೇಳಿದಳು: "ಭಾನುವಾರ ಸಂತೆಮರಹಳ್ಳಿಯಿಂದ ಗಂಡಿನ ಕಡೆಯವ್ರು ಬತ್ತಾವ್ರೆ ಕಣಮ್ಮಿ. ಮನ್ಸಲ್ಲಿ ಯಾರಾರ ಇದ್ರೆ ಈಗ್ಲೇ ಹೇಳ್ಬುಡು."

ಏನೆಂದು ಹೇಳುವುದು? ಅವನ ಮನಸ್ಸೇ ಗೊತ್ತಿಲ್ಲ. ಕೇಳೋಣವೆಂದರೆ, ಇದ್ದ ಒಂದೇ ಫೋನು ಯಜಮಾನ ಸಿದ್ದಮಲ್ಲಪ್ಪನವರ ಮೇಜಿನ ಮೇಲೆ.

ಶುಕ್ರವಾರ ಸರ್ವರ್ ಕೋಣೆಗೆ ನುಗ್ಗಿದವಳೇ ಒಂದು ಕಾರ್ಡಿನ ಕೇಬಲ್ ಕಿತ್ತಳು.

ಏನೂ ಆಗಲಿಲ್ಲ! ಕೌಂಟರಿನಲ್ಲಿ ಬಿಲ್ಲುಗಳು ಬರುತ್ತಲೇ ಇದ್ದವು. "ಆ ಹುಡುಗ ಅದೇನ್ ಮಾಡ್ಬುಟ್ನೋ, ಮಿಷನ್ನು ನಿಲ್ಲೋದೇ ಇಲ್ಲ ಕಣಮ್ಮಿ," ಎಂದು ಸಿದ್ದಮಲ್ಲಪ್ಪ ಹಿಗ್ಗಿದರು. ಎರಡನೇ ಕೇಬಲ್ಲಿಗೂ ಅವಳ ಕೈ ಹೋಯಿತು. ಹೊರಗೆ ಮೂಟೆಗಳ ಮೇಲೆ ಕುಳಿತು ಕಾಯುತ್ತಿದ್ದವರು ನೆನಪಾಗಿ ಕೈ ಹಿಂದೆ ಬಂತು.

ಶನಿವಾರ ಬೆಳಿಗ್ಗೆ ಬಾಗಿಲಲ್ಲಿ ಮಾದೇವ! ಕೈಯಲ್ಲಿ ಬ್ಯಾಗೂ ಇಲ್ಲ.

"ಯಾರೂ ಕರೆದಿಲ್ವಲ್ಲ?" ಎಂದಳು ಶಿವರಂಜಿನಿ.

"ಸರ್ವರ್ ಕರೀತು. ಸಂಜೆ ಫೋನ್ ಲೈನಲ್ಲಿ ಹೆಡ್ ಆಫೀಸಿಗೆ ಲೆಕ್ಕ ಕಳಿಸುವಾಗ, ಒಂದು ಕಾರ್ಡ್ ನಿಂತಿದ್ರೆ ಅದು ನನಗೊಬ್ಬನಿಗೇ ಹೇಳುತ್ತೆ. ಇನ್ನೊಂದೂ ಹೋಗೋ ಮೊದ್ಲು ನಾನು ಬರಬೇಕಲ್ಲ." ಕೋಣೆಗೆ ಹೋಗಿ ನೇತಾಡುತ್ತಿದ್ದ ಕೇಬಲ್ ಹಿಡಿದ. "ಕಾರ್ಡ್ ಸತ್ತಿಲ್ಲ, ಕೇಬಲ್ ಕಳಚಿದೆ ಅಂತ ಹೇಳ್ತು. ಕ್ಲಿಪ್ ಒತ್ತದೆ ಇದು ಕಳಚಲ್ಲ ಕಣ್ರಿ."

ಶಿವರಂಜಿನಿ ತಲೆ ತಗ್ಗಿಸಲಿಲ್ಲ. "ನಾನೇ ಒತ್ತಿದ್ದು. ನಾಳೆ ನನ್ನ ನೋಡಕ್ಕೆ ಬತ್ತಾವ್ರೆ. ಬೇಡ ಅನ್ನಕ್ಕೆ ನನಗೊಂದು ಕಾರಣ ಬೇಕು."

ಮಾದೇವ ಕೇಬಲ್ ಸಿಕ್ಕಿಸಿದ. ಹಸಿರು ದೀಪ ಹತ್ತಿತು.

"ತಿಂಗಳಿಂದ ನಾನೂ ಇಲ್ಲಿಗೆ ಬರಕ್ಕೆ ಕಾರಣ ಹುಡುಕ್ತಿದ್ದೆ. ನಡೀರಿ, ನಿಮ್ಮವ್ವನ ಹತ್ರ ಹೋಗನ."

ಹೊರಗೆ ಬಂದಾಗ ಸಿದ್ದಮಲ್ಲಪ್ಪ ಕನ್ನಡಕ ಏರಿಸಿದರು. "ಏನ್ಲಾ, ಮಿಷನ್ ಕೆಟ್ಟದಾ?"

"ಮಿಷನ್ ಚೆನ್ನಾಗದೆ, ಯಜಮಾನ್ರೇ. ಇವರಿಗೆ ಅರ್ಧ ದಿನ ರಜ ಬೇಕು."

"ನಿನಗ್ಯಾಕ್ಲಾ ಇವಳ ರಜ?"

ಉತ್ತರ ಕೊಟ್ಟವಳು ಶಿವರಂಜಿನಿ. "ಅವ್ವಂಗೆ ಅಳಿಯನ್ನ ತೋರಿಸ್ಬೇಕು, ಅದಕ್ಕೆ."