ಖಂಡಪ್ಪನ ಊದುಗೊಳವೆ

"ಅದಕ್ಕ ನೀವು ಬಾಯಿ ಹಚ್ಚಬ್ಯಾಡ್ರಿ," ಎಂದಳು ಕಾಶವ್ವ. "ನಮ್ಮವರ ಊದುಗೊಳವಿ ಅದು. ಮಣ್ಣು ಮಾಡೂಮುಂದ ಅವರ ಬಾಯಾಗ ಇಟ್ಟು ಕಳಸಬೇಕು. ಬ್ಯಾರೆಯವರು ಊದಿದ್ರ, ಊದಿದವರ ಉಸಿರು ತಿರುಗಿ ಬರಂಗಿಲ್ಲ."

ಸುಕೇಶನಿಗೆ ನಗು ತಡೆಯಲಾಗಲಿಲ್ಲ. ಗಂಡನ ಹೆಣ ಇನ್ನೂ ಆಸ್ಪತ್ರೆಯಲ್ಲಿದೆ, ಇವಳು ನಳಿಗೆ ಕೇಳಿಕೊಂಡು ಬಂದು ವರ್ಕ್‌ಶಾಪಿನ ನಡುವೆ ನಿಂತಿದ್ದಾಳೆ. ಎರಡು ಮೊಳದ ರಬ್ಬರ್ ನಳಿಗೆ, ತುದಿಯಲ್ಲಿ ಹಲ್ಲಿನ ಗುರುತು ಬಿದ್ದ ಎಮ್ಮೆಕೊಂಬಿನ ಬಾಯಿ, ಅಷ್ಟೇ.

"ಎಂಥ ಮಾರಾಯ್ತಿ, ಇದು ವರ್ಕ್‌ಶಾಪಿನ ಸಾಮಾನು. ಹೊಸದು ಬೇಕಾದ್ರೆ ತರಿಸಿ ಕೊಡ್ತೇನೆ. ಇದನ್ನು ಕೇಳ್ಬೇಡ."

ಬಿಡದಿರುವುದಕ್ಕೆ ಅವನಿಗೆ ಕಾರಣವಿತ್ತು. ಗೋರೆಗಾಂವ್ ಸ್ಟೇಷನ್ ಪಕ್ಕದ ಅಪ್ಪನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ಬೆಳೆದ ಸುಕೇಶ, ಅದನ್ನು ತಮ್ಮನಿಗೆ ಬಿಟ್ಟು, ಜೋಗೇಶ್ವರಿಯ ತನ್ನ ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ ಹಳೇ ಕಾಲದ ರೇಡಿಯೊ ಮಾಡತೊಡಗಿದ್ದ. ಮರದ ಪೆಟ್ಟಿಗೆಯಷ್ಟೇ ಅಲ್ಲ, ಒಳಗೆ ಕೆಂಪಗೆ ಉರಿಯುವ ಗಾಜಿನ ವಾಲ್ವ್ ಕೂಡ ನೂರು ವರ್ಷದ ಹಿಂದಿನ ಹಾಗೆ ಕೈಯಲ್ಲೇ ಆಗಬೇಕು. ಗಾಜಿನ ಕೊಳವೆಯನ್ನು ಬರ್ನರಿನ ಜ್ವಾಲೆಯಲ್ಲಿ ತಿರುಗಿಸುತ್ತ ನಳಿಗೆಯಿಂದ ಊದಿ ಬುರುಡೆ ಮಾಡಬೇಕು, ಒಳಗೆ ತಂತಿ ಕೂರಿಸಬೇಕು, ಪಂಪ್ ಹಚ್ಚಿ ಇದ್ದಬದ್ದ ಗಾಳಿಯನ್ನೆಲ್ಲ ಎಳೆದು ಕೊನೆಗೆ ತುದಿ ಕರಗಿಸಿ ಮುಚ್ಚಬೇಕು. ಬಾಂದ್ರಾ, ಜುಹುವಿನ ದೊಡ್ಡ ಮನುಷ್ಯರು ಇಂಥ ರೇಡಿಯೊಗೆ ಮುಗಿಬೀಳುತ್ತಿದ್ದರು. ಇದೆಲ್ಲ ತನ್ನದೇ ಕೈಚಳಕ ಎಂದು ಸುಕೇಶ ಹೇಳಿಕೊಳ್ಳುತ್ತಿದ್ದ. ನಿಜಕ್ಕೂ ಊದುತ್ತಿದ್ದವನು ಕಾಶವ್ವನ ಗಂಡ ಖಂಡಪ್ಪ, ಇಂಡಿ ಕಡೆಯಿಂದ ಬಂದು, ಬಾರು ಥಿಯೇಟರುಗಳ ನಿಯಾನ್ ಅಕ್ಷರ ಬಾಗಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಸುಕೇಶ ಊದಿದರೆ ಗಾಜು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಕುಸಿಯುತ್ತಿತ್ತು. ಗುಟ್ಟೆಲ್ಲ ಆ ಕೊಂಬಿನ ಬಾಯಲ್ಲಿದೆ ಎಂದು ಅವನು ನಂಬಿದ್ದ.

ಮಾಟ ಮಂತ್ರ ನಂಬದವನು ಅದೊಂದನ್ನು ಮಾತ್ರ ನಂಬಿದ್ದ, ನೋಡಿ.

ಖಂಡಪ್ಪ ಸತ್ತದ್ದು ಹೇಗೆ ಎಂಬುದು ಸುಕೇಶನಿಗೆ ಮಾತ್ರ ಗೊತ್ತು. ಬಿಸಿ ಗಾಜಿಗೆ ಗಾಳಿ ತಾಗಿದರೆ ಬಿರುಕು ಬಿಡುತ್ತದೆ. ಅದಕ್ಕೆ ಸುಕೇಶ ಕಿಟಕಿ ಮುಚ್ಚಿ, ಒಳಗಿನ ಕೆಲಸಗಾರ ಹೊರಗಿನವರಿಗೆ ಕಾಣದಂತೆ ಕಪ್ಪು ಬಣ್ಣ ಬಳಿದು, ಸಂದಿಗೆಲ್ಲ ಟೇಪು ಅಂಟಿಸಿ, ಫ್ಯಾನಿನ ವೈರನ್ನೇ ಕಿತ್ತಿದ್ದ. ಆ ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ಗಿರಾಕಿ ಕೂತಿದ್ದ. ಮುದುಕ ಕೆಮ್ಮುತ್ತ ಹೊರಗೆ ಬಂದು ಮರ್ಯಾದೆ ತೆಗೆಯಬಾರದೆಂದು ಸುಕೇಶ ಹೊರಗಿನಿಂದ ಚಿಲಕ ಹಾಕಿದ. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ಬಡಿಯುವ ಸದ್ದು ಬಂತು. ಗಿರಾಕಿ ತಿರುಗಿ ನೋಡಿದ. ಸುಕೇಶ ನಗುನಗುತ್ತಲೇ ರೇಡಿಯೊದ ವಾಲ್ಯೂಮ್ ಏರಿಸಿದ. ಗಿರಾಕಿಯನ್ನು ಕಳಿಸಿ ಬಂದು ಚಿಲಕ ತೆಗೆದಾಗ ಖಂಡಪ್ಪ ಬಾಗಿಲಿಗೆ ಒರಗಿಕೊಂಡೇ ಇದ್ದ, ಗ್ಯಾಸಿನ ಹೊಗೆಗೆ ತುಟಿ ಕಪ್ಪಾಗಿತ್ತು. ಎಲ್ಲರಿಗೂ ಹಾರ್ಟ್ ಅಟ್ಯಾಕ್ ಎಂದು ಹೇಳಿದ್ದಾಯಿತು. ಮಾರನೆಯ ಬೆಳಿಗ್ಗೆಯೇ ತನ್ನ ಹಳೇ ನಳಿಗೆ ಹಿಡಿದು ಊದಲು ಕೂತು ಒಂದಷ್ಟು ಗಾಜು ಹಾಳು ಮಾಡಿದ್ದೂ ಆಯಿತು. ಇಂಥವನ ಬಗ್ಗೆ ಕನಿಕರ ತೋರಿಸುವುದು ನನ್ನಿಂದಾಗದು.

ಕಾಶವ್ವ ಅಳಲಿಲ್ಲ. ಬಾಗಿಲಿನ ಒಳಮೈಯಲ್ಲಿ, ಸೊಂಟದ ಮಟ್ಟದಲ್ಲಿ, ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅಷ್ಟು ಕೆಳಗೆ ಯಾರೂ ಕ್ಯಾಲೆಂಡರ್ ಹಾಕುವುದಿಲ್ಲ. ಅವಳು ಅದನ್ನು ಎತ್ತಿ ನೋಡಿದಳು. ಅದರ ಹಿಂದೆ ಬಾಗಿಲಿನ ಬಣ್ಣ ಉಗುರಿನಿಂದ ಕೆರೆದುಹೋಗಿತ್ತು. ಕ್ಯಾಲೆಂಡರನ್ನು ಮೆಲ್ಲಗೆ ಬಿಟ್ಟು, ನೆಲದ ಮೇಲಿನ ಹಾಳು ಗಾಜಿನಿಂದ ಒಂದು ಗುಳ್ಳೆಯನ್ನು ಆರಿಸಿಕೊಂಡಳು. ನಿಂಬೆಹಣ್ಣಿನ ಗಾತ್ರದ್ದು, ಎರಡೂ ತುದಿ ಕರಗಿ ಮುಚ್ಚಿತ್ತು.

"ಇದನ್ನ ಊದಿದವರು ಯಾರ್ರಿ?"

"ನಾನೇ."

"ಒಯ್ಯಲೇನ್ರಿ? ನಿಮ್ಮ ಬಾಯಿಲೇ ಹೂಂ ಅನ್ರಿ."

"ಹೂಂ, ತಗೊಂಡು ಹೋಗು. ಕಚರಾ ಅದು."

ಅವಳು ಗುಳ್ಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಸುಕೇಶ ಬಾಗಿಲು ಹಾಕಿ ಬರ್ನರ್ ಹಚ್ಚಿದ. ಕೊಂಬಿನ ಬಾಯನ್ನು ಪ್ಯಾಂಟಿಗೆ ಒರೆಸಿ ತುಟಿಗಿಟ್ಟ. ತಂಬಾಕಿನ ಕಹಿ, ಹಳೇ ಎಂಜಲಿನ ಕಮಟು. ಊದಿದ. ಗಾಜು ಮೆತ್ತಗೆ ಉಬ್ಬಿ ಗುಂಡಗೆ ನಿಂತಿತು, ಒಂದಿಷ್ಟೂ ಸೊಟ್ಟಗಿರಲಿಲ್ಲ. ಖುಷಿಯಲ್ಲಿ ಮತ್ತೊಂದು ಊದಿದ, ಮಗದೊಂದು ಊದಿದ. ಸಂಜೆಯ ಹೊತ್ತಿಗೆ ಕಪಾಟಿನಲ್ಲಿ ಹೊಸ ವಾಲ್ವ್‌ಗಳ ಸಾಲು ನಿಂತಿತ್ತು. ಎದ್ದಾಗ ತಲೆ ಸುತ್ತಿತು. ಮೊದಲ ದಿನ ಅಲ್ಲವಾ, ಎಂದುಕೊಂಡ.

ಆದರೆ ಬಿಟ್ಟ ಉಸಿರು ಪೂರ್ತಿ ತಿರುಗಿ ಬರಲಿಲ್ಲ. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು. ಜೋಗೇಶ್ವರಿ ಸ್ಟೇಷನ್ನಿನ ಬ್ರಿಜ್ಜು ಹತ್ತುವಾಗ ನಡುವೆಯೇ ಕಂಬಿ ಹಿಡಿದು ನಿಲ್ಲುವಂತಾಯಿತು. ಲೋಕಲ್‌ನಿಂದ ಇಳಿದ ಜನ ಬೈಯುತ್ತ ತಳ್ಳಿಕೊಂಡು ಹೋಗುತ್ತಿದ್ದರು. ಡಾಕ್ಟರು ಎಕ್ಸ್‌ರೇ ತೆಗೆಸಿದರು, ರಕ್ತ ನೋಡಿದರು, ಎಲ್ಲ ಸರಿಯಿದೆ ಎಂದರು. ಬಾಯಲ್ಲಿ ಮಾತ್ರ ಯಾವಾಗಲೂ ಹಸಿಮಣ್ಣಿನ ರುಚಿ.

ಒಂದು ದಿನ ಶ್ರಾವ್ಯಾ, ಅವನ ಹೆಂಡತಿ, ಮುಂದಿನ ಕೋಣೆ ಗುಡಿಸುತ್ತಿದ್ದವಳು ರೇಡಿಯೊದ ಎದುರು ನಿಂತುಬಿಟ್ಟಳು. ಖಂಡಪ್ಪನ ಊದುಗೊಳವೆಯಿಂದ ಸುಕೇಶ ಊದಿದ ವಾಲ್ವ್‌ಗಳು ಅದರಲ್ಲಿದ್ದವು.

"ಇಲ್ಲಿ ಬನ್ನಿ ಒಮ್ಮೆ. ಸ್ಟೇಷನ್ ಇಲ್ಲದ ಕಡೆ ಎಂಥದೋ ಕೇಳ್ತದೆ. ಯಾರೋ ಉಸಿರು ಎಳ್ಕೊಂಡ ಹಾಗೆ. ಬರೀ ಎಳ್ಕೊಳ್ಳುದು ಮಾತ್ರ, ಬಿಡುದೇ ಇಲ್ಲ."

"ಸ್ಟ್ಯಾಟಿಕ್ ಅದು," ಎಂದ ಸುಕೇಶ. ಹೇಳುವಾಗ ಅವನ ಎದೆ ಸೆಳೆದುಕೊಂಡಿತು. ರೇಡಿಯೊ ಉಸಿರು ಎಳೆದಾಗಲೆಲ್ಲ ಅವನ ಎದೆ ಖಾಲಿಯಾಗುತ್ತಿತ್ತು. ಅವನು ಮೊದಲ ಸಲ ಹೆದರಿದ.

ಆ ಸಂಜೆಯೇ ಊದುಗೊಳವೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಗುಡ್ಡದ ಮೇಲೆ ಕಾಶವ್ವ ಇದ್ದ ಚಾಳಿಗೆ ಹೋದ. ಹತ್ತು ಹೆಜ್ಜೆಗೊಮ್ಮೆ ಕೂರುತ್ತ ಹತ್ತಿದ. ಕಾಶವ್ವ ಹೊಸ್ತಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

"ತಗೋ ನಿನ್ನ ಊದುಗೊಳವೆ. ಏನು ಮಾಡಿದ್ದೀಯೋ ಅದನ್ನು ವಾಪಸ್ ತೆಗಿ."

ಅವಳು ಚೀಲ ಮುಟ್ಟಲಿಲ್ಲ. "ಈಗ ತಂದ್ರ ಎಲ್ಲಿ ಇಡಲಿ? ಬಾಯಿ ಮಣ್ಣಾಗ ಐತಿ. ಊದುಗೊಳವಿ ಇಡೂ ಜಾಗಾದಾಗ ನಿಮ್ಮ ಗಾಜಿನ ಗುಳ್ಳಿ ಇಟ್ಟೀನಿ. ಹೆಸರು ಹೇಳಿ, ಕುಂಕುಮ ಹಚ್ಚಿ, ಹಲ್ಲಿನ ನಡು ಇಟ್ಟು ಬಾಯಿ ಕಟ್ಟೀನಿ. ನಮ್ಮವ್ವ ಕೂದಲಾ ಉಗುರಾ ಇಟ್ಟು ಮಾಡ್ತಿದ್ದಳು. ನೀವು ಉಸಿರನ್ನ ಕೈಯಾಗ ಕೊಟ್ರಿ."

"ತೆಗೆಯುವ ದಾರಿ ಹೇಳು. ಏನು ಬೇಕಾದರೂ ಕೇಳು."

ಕಾಶವ್ವ ಮೆಣಸಿನಕಾಯಿ ಬುಟ್ಟಿಯನ್ನು ಪಕ್ಕಕ್ಕಿಟ್ಟಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು. "ಚಿಲಕ ಯಾರು ಹಾಕಿದ್ರು? ಇಲ್ಲೇ, ಇವರ ಮುಂದ, ಬಾಯಿ ಬಿಟ್ಟು ಹೇಳ್ರಿ. ಹೇಳಿದ್ರ ಇವತ್ತೇ ಹೋಗಿ ಮಣ್ಣು ತಗದು ಗುಳ್ಳಿ ತರತೀನಿ."

ಒಂದೇ ಮಾತು ಸಾಕಿತ್ತು. ಅವನ ಬಾಯಿ ತೆರೆಯಿತು ಕೂಡ. ಆದರೆ ಪೊಲೀಸರು ಕಣ್ಣ ಮುಂದೆ ಬಂದರು, ಗಿರಾಕಿಗಳು ಬಂದರು.

"ಅವನಿಗೆ ಹಾರ್ಟ್ ಅಟ್ಯಾಕ್ ಆದದ್ದು," ಎಂದ ಸುಕೇಶ.

"ಹಂಗಾರ ಹೋಗ್ರಿ," ಎಂದು ಎದ್ದಳು ಅವಳು. "ನಿಮ್ಮ ಉಸಿರು ಗಾಜಿನ್ಯಾಗ ಐತಿ. ಇರಲಿ ಬಿಡ್ರಿ." ಬಾಗಿಲು ಮುಚ್ಚಿದಳು.

ಗಾಜಿನಲ್ಲಿದೆ. ಗಾಜಿನಲ್ಲಿದೆ. ಗುಡ್ಡ ಇಳಿಯುವಾಗಲೂ, ರಿಕ್ಷಾದಲ್ಲಿಯೂ ಅವನ ತಲೆಯಲ್ಲಿ ಅದೊಂದೇ ಮಾತು. ರೇಡಿಯೊದೊಳಗಿನವು ಬಿಟ್ಟರೆ ತಾನು ಊದಿದ ಅಷ್ಟೂ ಗಾಜು ಮನೆಯ ಕಪಾಟಿನಲ್ಲೇ ಇದೆಯಲ್ಲ ಎಂದು ಹೊಳೆದಾಗ ಅವನಿಗೆ ಜೀವ ಬಂದಂತಾಯಿತು.

ಮುಂದಿನ ಕೋಣೆಯಲ್ಲಿ ರೇಡಿಯೊ ಹಾಡುತ್ತಿತ್ತು, ಅಡುಗೆಮನೆಯಲ್ಲಿ ಶ್ರಾವ್ಯಾ ಮೀನು ಹುರಿಯುತ್ತಿದ್ದಳು. ಸುಕೇಶ ಹಿಂದಿನ ಕೋಣೆಗೆ ಹೋಗಿ ಬಾಗಿಲೆಳೆದು ಒಳಗಿನಿಂದ ಚಿಲಕ ಹಾಕಿದ. ತಾನು ಮಾಡಲಿರುವ ಹುಚ್ಚಾಟವನ್ನು ಹೆಂಡತಿ ನೋಡುವುದು ಬೇಡವಾಗಿತ್ತು. ಲೈಟು ಹಾಕಲು ಕೈ ಚಾಚಿದ, ಗುಂಡಿ ಸಿಗಲಿಲ್ಲ. ಕಿಟಕಿಯ ಕಪ್ಪು ಬಣ್ಣದಿಂದಾಗಿ ಒಳಗೆ ಗವ್ವೆನ್ನುವ ಕತ್ತಲೆ. ಸುಟ್ಟ ರಬ್ಬರಿನ ವಾಸನೆ, ಗ್ಯಾಸಿನ ವಾಸನೆ, ಅದರ ನಡುವೆ ತಂಬಾಕಿನದು. ಗೋಡೆಯಾಚೆಗೆ ಹಾಡು ನಿಂತಿತು. ಉಸಿರು ಎಳೆಯುವ ಸದ್ದು ಶುರುವಾಯಿತು.

ತಡಕಾಡಿ ಕಪಾಟು ಹಿಡಿದ. ಮೊದಲ ವಾಲ್ವನ್ನು ತುಟಿಯ ಹತ್ತಿರ ತಂದು ಇಕ್ಕಳದಲ್ಲಿ ಒಡೆದ. ಠಪ್ ಎಂದಿತು. ಬಾಯಿ ಅಗಲಿಸಿ ಎಳೆದುಕೊಂಡ.

ಏನೂ ಬರಲಿಲ್ಲ. ಇದ್ದದ್ದೂ ಹೋಯಿತು.

ಎರಡನೆಯದನ್ನು ಒಡೆದ. ಠಪ್. ಗಾಜು ತುಟಿಯನ್ನು ಸೆಳೆಯಿತು, ಸೀಳಿತು, ಬಾಯಿ ತುಂಬ ರಕ್ತ. ಇನ್ನೊಂದು. ಇನ್ನೂ ಒಂದು. ಪ್ರತಿಯೊಂದೂ ಒಳಕ್ಕೇ ಎಳೆಯಿತು. ಆಗ ಅವನಿಗೆ ನೆನಪಾಯಿತು. ವಾಲ್ವ್ ಒಳಗೆ ಉಸಿರೆಲ್ಲಿಯದು? ಊದಿದ್ದನ್ನೆಲ್ಲ ತಾನೇ ಪಂಪ್ ಹಚ್ಚಿ ತೆಗೆದಿದ್ದ. ಅದು ಬರೀ ಖಾಲಿ. ಒಡೆದರೆ ಕೊಡುವುದಿಲ್ಲ, ಸುತ್ತಲಿನದನ್ನು ಸೆಳೆದುಕೊಳ್ಳುತ್ತದೆ. ಗಿರಾಕಿಗಳಿಗೆ ದಿನಾ ಹೇಳುತ್ತಿದ್ದ ಪಾಠ, ಭಯದಲ್ಲಿ ಅವನಿಗೇ ಮರೆತುಹೋಗಿತ್ತು.

ಹಿಂದೆ ಸರಿದ. ಮೊಣಕೈ ತಾಗಿ ಕಪಾಟು ವಾಲಿತು. ಉಳಿದವೆಲ್ಲ ಒಟ್ಟಿಗೆ ಬಿದ್ದವು. ಠಪ್. ಠಪ್. ಠಪ್. ಕಿವಿ ಮುಚ್ಚಿದಂತಾಯಿತು. ಎದೆ ಬೆನ್ನಿಗೆ ಹತ್ತಿತು. ಬಾಗಿಲು. ಬಾಗಿಲು ಎಲ್ಲಿ? ನೆಲದಲ್ಲಿ ತೆವಳಿದ. ಅಂಗೈಗೆ ಗಾಜು ಚುಚ್ಚಿತು. ಬಾಗಿಲು ಸಿಕ್ಕಿತು. ಚಿಲಕ ಮೇಲಿತ್ತು. ಏಳಲಾಗಲಿಲ್ಲ. ಬಡಿದ. ಮತ್ತೆ ಬಡಿದ. ಕೆರೆದ.

ಶ್ರಾವ್ಯಾಗೆ ಸದ್ದು ಕೇಳಿಸಿತು. ಕೆಲಸದ ಹೊತ್ತಿನಲ್ಲಿ ಆ ಬಾಗಿಲ ತಂಟೆಗೆ ಹೋದರೆ ಗಾಜು ಒಡೆಯುತ್ತದೆ ಎಂದು ಅವನು ಕಿರುಚಾಡುತ್ತಿದ್ದದ್ದು ಎಷ್ಟು ಸಲವೋ. ಏನೋ ಕುಟ್ಟುತ್ತಿದ್ದಾರೆ ಎಂದುಕೊಂಡು ಮೀನು ಮಗುಚಿದಳು. ಸದ್ದು ನಿಂತು ಬಹಳ ಹೊತ್ತಾದ ಮೇಲೆಯೇ ಅವಳಿಗೆ ಗಾಬರಿಯಾದದ್ದು. ಪಕ್ಕದ ಮನೆಯವರು ಬಂದು ಬಾಗಿಲು ಒಡೆದರು.

ಸುಕೇಶ ಸಾಯಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಕೈಕಾಲು ಹೋಗಿತ್ತು, ಮಾತು ಹೋಗಿತ್ತು. ಬುದ್ಧಿ ಮಾತ್ರ ನೆಟ್ಟಗಿದೆ, ಎಲ್ಲ ಕೇಳಿಸುತ್ತದೆ, ಎಂದರು ಡಾಕ್ಟರು. ಸ್ವಂತ ಉಸಿರಿರಲಿಲ್ಲ. ಮುಂದಿನ ಕೋಣೆಯಲ್ಲಿ ಮಂಚ ಹಾಕಿ, ಗಂಟಲಿಗೆ ತೂತು ಮಾಡಿ ಇಟ್ಟ ಕೊಳವೆಗೆ ಮೆಷಿನ್ ಜೋಡಿಸಿದರು. ಅದು ಹಗಲೂ ರಾತ್ರಿ ಅವನೊಳಗೆ ಗಾಳಿ ತುಂಬುತ್ತಿತ್ತು. ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಶ್ರಾವ್ಯಾ ಹುಡುಕುವ ಮೊದಲೇ ಕಾಶವ್ವ ಬಾಗಿಲಿಗೆ ಬಂದಳು. ನಮ್ಮವರು ಈ ಮನೆಯ ಅನ್ನ ತಿಂದವರು, ನಾನು ನೋಡಿಕೊಳ್ಳುತ್ತೇನೆ, ಎಂದಳು. ಶ್ರಾವ್ಯಾ ಅವಳ ಕೈ ಹಿಡಿದು ಅತ್ತಳು.

ಕಾಶವ್ವನಷ್ಟು ಮುತುವರ್ಜಿ ಯಾವ ನರ್ಸಿಗೂ ಇರಲಿಲ್ಲ. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುತ್ತಿದ್ದಳು, ಕೊಳವೆಯ ಕಫ ತೆಗೆಯುತ್ತಿದ್ದಳು, ಕರೆಂಟು ಹೋದರೆ ಮೆಷಿನ್ ನಿಲ್ಲದ ಹಾಗೆ ಇನ್ವರ್ಟರಿನ ನೀರು ನೋಡುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಮಾತ್ರ ಅವನ ಕಿವಿಯ ಬಳಿ ಬಾಗುತ್ತಿದ್ದಳು.

"ಸಾಯೂ ವಿಚಾರ ಮಾಡಬ್ಯಾಡ್ರಿ ಸಾಹೇಬ್ರ. ನಿನ್ನೆ ನಮ್ಮವರ ಸಮಾಧಿಗೆ ಹೋಗಿದ್ದೆ. ಮಣ್ಣಿಗೆ ಕಿವಿ ಹಚ್ಚಿದೆ. ಎಷ್ಟು ಆರಾಮ ಉಸಿರಾಡ್ತಾರ ಅಂತೀರಿ. ಈ ಮಷಿನ್ ನಿಮಗ ಊದತೈತಿ, ನಿಮ್ಮಿಂದ ಅವರಿಗೆ ಹೋಗತೈತಿ. ನೀವು ಇರೂತನಕ ಅವರು ಇರತಾರ."

ಸುಕೇಶ ಕಣ್ಣನ್ನು ಗೋಡೆಯ ಮೇಲಿನ ಮೆಷಿನ್ನಿನ ಸ್ವಿಚ್ಚಿನ ಕಡೆಗೆ ಹೊರಳಿಸಿದ. ಶ್ರಾವ್ಯಾ ಒಳಗೆ ಬಂದಳು. ಅವಳ ಮುಖ ನೋಡಿದ, ಮತ್ತೆ ಸ್ವಿಚ್ಚು ನೋಡಿದ. ಮತ್ತೆ ಮತ್ತೆ ನೋಡಿದ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

"ಎಂಥ ಹೇಳ್ತಾರೆ ಕಾಶವ್ವ? ನಂಗೆ ಗೊತ್ತಾಗುದಿಲ್ಲ."

"ಮಷಿನ್ ಬಂದ್ ಆಗತೈತಿ ಅಂತ ಅಂಜತಾರ ನೋಡ್ರಿ," ಎಂದಳು ಕಾಶವ್ವ. "ನಾ ಇರೂತನಕ ಅದು ಬಂದ್ ಆಗಾಕ ಬಿಡಂಗಿಲ್ಲ."

"ನೀವೊಬ್ರು ಇದ್ದೀರಲ್ಲ, ಅದೇ ನಂಗೆ ಧೈರ್ಯ," ಎಂದು ಶ್ರಾವ್ಯಾ ಗಂಡನ ಕಣ್ಣು ಒರೆಸಿದಳು. ಕಾಶವ್ವ ಎದ್ದು ಹೋಗಿ ಸ್ವಿಚ್ಚಿನ ಮೇಲೆ ಅಗಲವಾದ ಟೇಪು ಅಂಟಿಸಿ ಬಂದು ಅವನ ತಲೆಯ ಬಳಿ ಕೂತಳು.